ಕಾಗೆಗೆ ಕೊಟ್ಟ ಮಾತು

ಪ್ರವಾಸದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಯಾವ ಸ್ಟೇಷನ್ನಿನಲ್ಲಿ ಬಿಸಿ ವಡೆ ಸಿಗುತ್ತದೆ, ಯಾವ ಘಾಟಿನಲ್ಲಿ ಎಡಗಡೆಯ ಸೀಟು ಹಿಡಿಯಬೇಕು, ಯಾವ ದೇವಸ್ಥಾನಕ್ಕೆ ಚಪ್ಪಲಿ ಕಾರಿನಲ್ಲೇ ಬಿಟ್ಟು ಹೋಗುವುದು ಕ್ಷೇಮ, ಎಲ್ಲ ನನಗೆ ಬಾಯಿಪಾಠ. ಬ್ಯಾಂಕಿನವರು ಕಲಬುರಗಿಯಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿದಾಗ ಜೊತೆಯವರೆಲ್ಲ ಅಯ್ಯೋ ಪಾಪ ಎಂದರು. ನಾನು ಮಾತ್ರ ಅಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು ಎಂದು ನಕಾಶೆ ನೋಡುತ್ತಿದ್ದೆ. ನನ್ನ ಹೆಂಡತಿ ಸುವರ್ಣಾಳ ಅಭಿಪ್ರಾಯ ಬೇರೆ. ಹಿಮಾಲಯದ ದಾರಿ ಗೊತ್ತಿರುವ ಈ ಮನುಷ್ಯನಿಗೆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಗೊತ್ತಿಲ್ಲ ಎಂದು ಅವಳು ಚಿಕಲಠಾಣಾದ ನಮ್ಮ ಓಣಿಗೆಲ್ಲ ಸಾರಿದ್ದಾಳೆ.

ಈ ಚಳಿಗಾಲ ನನ್ನ ಕಣ್ಣು ಕಾಶಿಯ ಮೇಲಿತ್ತು. ಗೆಳೆಯರ ಜೊತೆ ಹೋಗಬೇಕು, ನಸುಕಿನಲ್ಲಿ ದೋಣಿಯಲ್ಲಿ ಕುಳಿತು ಗಂಗೆಯನ್ನು ನೋಡಬೇಕು ಎಂಬುದು ಬಹಳ ವರ್ಷಗಳ ಆಸೆ. ಸುವರ್ಣಾ ಒಂದು ಷರತ್ತು ಹಾಕಿದಳು. ಹುಮನಾಬಾದಿನಿಂದ ಅವಳ ಅಪ್ಪ ಅವ್ವ ಬರುವವರಿದ್ದರು.

"ನಮ್ಮಪ್ಪನ ಮನಸ್ಸು ನೋಯದಂಗ ತ್ರ್ಯಂಬಕೇಶ್ವರ ತೋರಿಸ್ಕೊಂಡು ಬರ್ರಿ. ಆಮ್ಯಾಲ ಕಾಶಿಗರ ಹೋಗ್ರಿ, ಕೈಲಾಸಕ್ಕರ ಹೋಗ್ರಿ."

ನೀರು ಕುಡಿದಷ್ಟು ಸುಲಭ ಎಂದುಕೊಂಡೆ. ತೊಂದರೆಯೆಂದರೆ ಮಾವನವರು ನೀರನ್ನೇ ಕುಡಿಯುವುದಿಲ್ಲ. ಇಷ್ಟಲಿಂಗದ ಪೂಜೆ ಆಗದೆ ಅವರ ಬಾಯಿಗೆ ಒಂದು ಹನಿಯೂ ಇಳಿಯುವುದಿಲ್ಲ. ಹೆಸರು ಶರಣಪ್ಪ, ಊರಲ್ಲಿ ಕಿರಾಣಿ ವ್ಯಾಪಾರ, ಮಾತು ಬಹಳ ಕಡಿಮೆ. ಮದುವೆಯಾದಾಗಿನಿಂದ ಅವರು ನನ್ನೊಂದಿಗೆ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು 'ಹೂಂ'. ಉಳಿದ ಕಾಲು ಪಾಲು 'ಮತ್ತ ಎಲ್ಲಿಗಿ ಹೊಂಟೀರಿ?'

ತ್ರ್ಯಂಬಕೇಶ್ವರದ ದಾರಿಯಲ್ಲಿರುವ ನಾಸಿಕಕ್ಕೆ ನಸುಕಿನಲ್ಲೇ ಹೊರಟೆವು. ರಸ್ತೆ, ಚಹಾ, ದರ್ಶನ, ಊಟ ಎಲ್ಲಕ್ಕೂ ನನ್ನ ಯೋಜನೆಯಲ್ಲಿ ಜಾಗವಿತ್ತು. ಮಾವನವರ ಪೂಜೆಗೆ ಮಾತ್ರ ಇರಲಿಲ್ಲ! ಪಂಚವಟಿ ತಲುಪುವಷ್ಟರಲ್ಲಿ ಅವರ ತುಟಿ ಒಣಗಿತ್ತು. ಸುವರ್ಣಾ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ಕಾಶಿ ದೂರ ಸರಿಯುವುದು ನನಗೆ ಸ್ಪಷ್ಟವಾಗಿ ಕಂಡಿತು.

ಕೂಡಲೇ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದು ಮಾವನವರನ್ನು ಪೂಜೆಗೆ ಕೂಡಿಸಿದೆವು. ನೀರು, ಹೂವು, ಪತ್ರಿ ಹೊಂದಿಸಿಕೊಡಲು ಸುವರ್ಣಾ ಅಲ್ಲೇ ಉಳಿದಳು. ಅಷ್ಟರೊಳಗೆ ಗೋದಾವರಿಯ ದಂಡೆಯಲ್ಲಿ ಮಾವನವರ ಹೆಸರಿನಲ್ಲಿ ಒಂದು ಭರ್ಜರಿ ಪೂಜೆ ಮುಗಿಸಿಬಿಟ್ಟರೆ ಸಮಯವೂ ಉಳಿಯಿತು, ಮಾನವೂ ಉಳಿಯಿತು ಎಂದು ಲೆಕ್ಕ ಹಾಕಿ ಅತ್ತೆಯವರನ್ನು ಕರೆದುಕೊಂಡು ರಾಮಕುಂಡಕ್ಕೆ ನಡೆದೆ.

ಇಲ್ಲಿ ಎರಡು ಸಂಗತಿ ಹೇಳಬೇಕು. ಹಿಂದಿನ ವಾರವಷ್ಟೇ ನಾನು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದೆ. ತಲೆ ತಿಕ್ಕಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ಇನ್ನು ಅತ್ತೆಯವರಿಗೆ ಹೊಳೆ ಕಂಡರೂ ಅಳು, ದೇವರು ಕಂಡರೂ ಅಳು. ಅಲ್ಲಿ ಎರಡೂ ಕಂಡವು. ಅವರು ಸೆರಗು ಬಾಯಿಗಿಟ್ಟುಕೊಂಡು ನಿಂತರು.

ಮೆಟ್ಟಿಲ ಮೇಲೆ ಪೂಜೆ ಮಾಡಿಸುವ ಒಬ್ಬ ಗುರುಜಿ ಸಿಕ್ಕರು. ಬ್ಯಾಂಕಿನ ಕೌಂಟರಿನಲ್ಲಿ ಕಲಿತ ನನ್ನ ಮರಾಠಿಯಲ್ಲಿ, ನಮ್ಮ ಮಾವನವರ ಹೆಸರಿನಲ್ಲಿ ಪೂರ್ತಿ ವಿಧಿ ಆಗಬೇಕು, ಒಂದೂ ಬಿಡಬಾರದು ಎಂದೆ. ಅವರು ನನ್ನ ತಲೆ ನೋಡಿದರು. ಅತ್ತೆಯವರ ಕಣ್ಣೀರು ನೋಡಿದರು. ದನಿ ತಗ್ಗಿಸಿ, ಅವರಿಗೆ ಗಂಡುಮಕ್ಕಳಿಲ್ಲವೇ ಎಂದು ಕೇಳಿದರು. ಒಬ್ಬನಿದ್ದಾನೆ, ಪುಣೆಯಲ್ಲಿ, ರಜೆ ಸಿಗಲಿಲ್ಲ, ಅದಕ್ಕೇ ನಾನು ಎಂದೆ. ಇಂಥ ಅಳಿಯ ಎಲ್ಲಿ ಸಿಗುತ್ತಾನೆ ಎಂದು ಗುರುಜಿ ತಲೆದೂಗಿದರು. ನನ್ನ ಎದೆ ಉಬ್ಬಿತು. ಈ ಮಾತು ಕೇಳಲು ಸುವರ್ಣಾ ಇಲ್ಲವಲ್ಲ ಎಂದು ಬೇಜಾರೂ ಆಯಿತು.

ಪೂಜೆ ಶುರುವಾಯಿತು. ನನ್ನ ಬೆರಳಿಗೆ ಹುಲ್ಲಿನ ಉಂಗುರ ತೊಡಿಸಿದರು. ಹೆಗಲ ಮೇಲಿನ ಟವೆಲ್ ಎಡದಿಂದ ಬಲಕ್ಕೆ ಹಾಕಿಸಿದರು. ಕರಿ ಎಳ್ಳು ಬಂತು, ಅನ್ನದ ಉಂಡೆಗಳು ಬಂದವು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ಎದ್ದು ಓಡುತ್ತಿದ್ದರು. ಆದರೆ ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಕೂಡಿಸಿ, ಮಣ್ಣು ಕೊಟ್ಟು ಬರುತ್ತಾರೆ. ಎಳ್ಳು, ಉಂಡೆಗಳ ವ್ಯವಹಾರವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿದ್ದಿಲ್ಲ. ಉಂಡೆ ನೋಡಿ ನಾನು ಪ್ರಸಾದ ಎಂದುಕೊಂಡೆ. ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಆಮೇಲೆ ಉಂಡೆಗಳನ್ನು ಒಂದು ಕಡೆ ಇಟ್ಟು, ಇನ್ನು ಕಾಗೆ ಬಂದು ಮುಟ್ಟಬೇಕು ಎಂದರು. ನನಗೆ ಸ್ವಲ್ಪ ಗೊಂದಲವಾಯಿತು. ಆದರೆ ಕೆಲವು ಊರಲ್ಲಿ ಮೀನಿಗೆ ಹಾಕುತ್ತಾರೆ, ಕೆಲವು ಊರಲ್ಲಿ ಮಂಗಕ್ಕೆ. ಇಲ್ಲಿ ಕಾಗೆಗಿರಬಹುದು. ಅನುಭವಿ ಪ್ರವಾಸಿ ಹೋದಲ್ಲೆಲ್ಲ ಪ್ರಶ್ನೆ ಕೇಳುತ್ತಾ ಕೂಡುವುದಿಲ್ಲ.

ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದವು. ಒಂದೂ ಇಳಿಯಲಿಲ್ಲ. ನಾನು ಕಾವ್ ಕಾವ್ ಎಂದೆ. ಮುಖ ತಿರುಗಿಸಿದವು. ಗುರುಜಿ ಗಂಭೀರರಾಗಿ, ನಿಮ್ಮ ಮಾವನವರದು ಏನೋ ಇಚ್ಛೆ ಉಳಿದಿದೆ, ಅದನ್ನು ತೀರಿಸುತ್ತೇನೆ ಎಂದು ಮಾತು ಕೊಡಿ ಎಂದರು. ನಾನು ಅತ್ತೆಯವರಿಗೆ ಕನ್ನಡದಲ್ಲಿ ಕೇಳಿದೆ. ಅವರು ಮೂಗೊರೆಸಿಕೊಂಡು, "ಅವರಿಗಿ ಕಾಶಿ ನೋಡೂ ಆಸೆ ಭಾಳ ಅದ್ರಿ. ಬಾಯಿ ಬಿಟ್ಟು ಹೇಳಂಗಿಲ್ಲ," ಎಂದರು.

ಕಾಶಿ! ನಾನು ಗೆಳೆಯರ ಜೊತೆ ಹೋಗಬೇಕೆಂದಿದ್ದ ಕಾಶಿ. ಆದರೂ ಕಾಗೆಯ ಮುಂದೆ ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ ಎಂದು ಧೈರ್ಯ ಮಾಡಿ, ಕೈಮುಗಿದು, ಗಟ್ಟಿಯಾಗಿ ಕನ್ನಡದಲ್ಲೂ ಮರಾಠಿಯಲ್ಲೂ ಸಾರಿದೆ: ನಮ್ಮ ಮಾವನವರನ್ನು ಈ ವರ್ಷವೇ ನಾನು ಕಾಶಿಗೆ ಕಳಿಸುತ್ತೇನೆ. ಒಂದು ಕಾಗೆ ಪಟ್ಟನೆ ಇಳಿದು ಉಂಡೆಗೆ ಕೊಕ್ಕು ಹಾಕಿತು. ಗುರುಜಿ ಸಮಾಧಾನದ ಉಸಿರು ಬಿಟ್ಟರು. ಅಸ್ಥಿ ಕಾಶಿಗೆ ಹೋಗುತ್ತದೆ ಎಂದು ಅವರು ತಿಳಿದುಕೊಂಡಿದ್ದು ನನಗೆ ಆಮೇಲೆ ಗೊತ್ತಾಯಿತು.

ಅಷ್ಟೊತ್ತಿಗೆ ಹಿಂದಿನ ಮೆಟ್ಟಿಲಿಂದ ಮಾವನವರು ಇಳಿದು ಬಂದರು. ಹಣೆ ತುಂಬ ವಿಭೂತಿ, ಪಕ್ಕದಲ್ಲಿ ಸುವರ್ಣಾ. ನಾನು ಎದ್ದು ನಿಂತು, ಇವರೇ ನಮ್ಮ ಮಾವನವರು ಶರಣಪ್ಪ ಎಂದು ಹೆಮ್ಮೆಯಿಂದ ಗುರುಜಿಗೆ ಪರಿಚಯಿಸಿದೆ.

ಗುರುಜಿ ಮಾವನವರನ್ನು ನೋಡಿದರು. ಉಂಡೆ ನೋಡಿದರು. ಮತ್ತೆ ನನ್ನ ತಲೆ ನೋಡಿದರು.

"ಮಗ ಗೇಲೇ ಕೋಣ?"

ಹಾಗಾದರೆ ಹೋದವರು ಯಾರು, ಎಂದು ಕೇಳಿದ್ದು. ನಾನು ಯಾರೂ ಹೋಗಿಲ್ಲ, ಎಲ್ಲರೂ ಇಲ್ಲೇ ಇದ್ದೇವೆ ಎಂದೆ. ಮೊದಲು ಅರ್ಥವಾದದ್ದು ಸುವರ್ಣಾಳಿಗೆ. ಮರಾಠಿ ನೆರೆಯವರ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಹೋಗಿ ಬಂದವಳು ಅವಳೇ. "ರೀ, ನಮ್ಮಪ್ಪ ಜೀವಂತ ಇರೂವಾಗ ಅವರಿಗಿ ಪಿಂಡ ಇಟ್ರೇನ್ರಿ?" ಎಂದಳು, ಬಹಳ ಸಣ್ಣ ದನಿಯಲ್ಲಿ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಅತ್ತೆಯವರು ತಾಳಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಈ ಸಲದ ಅಳು ಹೊಳೆಗಾಗಿ ಅಲ್ಲ, ದೇವರಿಗಾಗಿ ಅಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಗೋದಾವರಿಯಲ್ಲಿ ಮುಳುಗಿಬಿಡೋಣ ಅನಿಸಿತು. ಆದರೆ ಅಲ್ಲಿ ನೀರು ಮೊಣಕಾಲ ಮಟ್ಟ. ಹೀಗೆ ತಪ್ಪಿ ಪಿಂಡ ಇಡಿಸಿಕೊಂಡವರು ನೂರು ವರ್ಷ ಬಾಳುತ್ತಾರೆ ತಾಯಿ ಎಂದು ಗುರುಜಿ ಪಾಪ, ಎರಡೆರಡು ಸಲ ಸಮಾಧಾನ ಹೇಳಿದರು.

ಮಾವನವರು ಮಾತ್ರ ಕಾಗೆಯನ್ನೇ ನೋಡುತ್ತಿದ್ದರು.

"ತಿಂತೇನ್ರಿ ಅದು?" ಎಂದು ಕೇಳಿದರು.

ತಿಂತು ಎಂದೆ.

"ಹಂಗಾದ್ರ ಕಾಶಿ ಖರೇ ಆಯ್ತು. ನಾ ಮ್ಯಾಲಿಂದ ಎಲ್ಲಾ ಕೇಳೀನಿ."

ಅತ್ತೆಯವರ ಅಳು ಅರ್ಧಕ್ಕೆ ನಿಂತಿತು.

ತ್ರ್ಯಂಬಕೇಶ್ವರದಲ್ಲಿ ನಾನು ಚೀಲ ಹೊತ್ತು ಹಿಂದೆ ನಡೆದೆ. ಯಾವ ಗುರುಜಿ ಎದುರಾದರೂ ಸುವರ್ಣಾ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಕಾಶಿ ಯಾತ್ರೆ ನನ್ನ ಯೋಜನೆಯಂತೆಯೇ ನಡೆಯಿತು. ರೈಲು ನಾನೇ ಆರಿಸಿದ್ದು, ಛತ್ರ ನಾನೇ ಹುಡುಕಿದ್ದು, ಗೆಳೆಯರೂ ನನ್ನವರೇ. ನನ್ನ ಬದಲು ಅವರ ಜೊತೆ ಹೋದವರು ಮಾತ್ರ ಮಾವನವರು, ಅತ್ತೆಯವರು, ಅವರನ್ನು ನೋಡಿಕೊಳ್ಳಲು ಸುವರ್ಣಾ. ತಿರುಪತಿ, ನಾಸಿಕ ಎಂದು ತಿರುಗಿ ನನ್ನ ರಜೆ ಮುಗಿದಿತ್ತು. ನಾನು ಚಿಕಲಠಾಣಾದ ಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುತ್ತಿದ್ದೆ.

ಒಂದು ಬೆಳಿಗ್ಗೆ ಮಾವನವರ ಫೋನ್ ಬಂತು. ಈಗಷ್ಟೇ ದೋಣಿಯಿಂದ ಇಳಿದೆವು ಎಂದರು.

"ಅಳಿಯಂದಿರಾ, ಇಲ್ಲೊಬ್ಬ ಪಂಡಿತ ಬೆನ್ನು ಹತ್ತಿದ್ದ. ಯಾರ ಹೆಸರಿಗಿ ಮಾಡ್ಲಿ ಅಂತ ಕೇಳ್ದ. ನಿಮ್ಮ ಹೆಸರು ಬಾಯಿ ತನಕ ಬಂದಿತ್ತು ನೋಡ್ರಿ. ಮಗಳ ಮಾರಿ ನೋಡಿ ಹೇಳ್ಲಿಲ್ಲ."

ಅವರು ನನ್ನೊಂದಿಗೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಉಪಕಾರವಾಯಿತು ಎಂದು ಹೇಳಿ ಫೋನ್ ಇಟ್ಟು, ಸಕ್ಕರೆಯಿಲ್ಲದ ಚಹಾ ಹಿಡಿದು ಕಿಟಕಿಯ ಹತ್ತಿರ ಕುಳಿತೆ. ಎದುರಿನ ಗೋಡೆಯ ಮೇಲೆ ಒಂದು ಕಾಗೆ ಕುಳಿತು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ಅರ್ಧ ರೊಟ್ಟಿ ಹಾಕಿದೆ. ಮಾತು ಮಾತ್ರ ಕೊಡಲಿಲ್ಲ.