ಟ್ಯಾಂಕಿನ ಮೇಲೆ ಕುಂಕುಮ

ಕೈಗೆ ಸ್ಕ್ರೂಡ್ರೈವರ್ ಸಿಕ್ಕ ಕೂಡಲೇ ತಾನೊಬ್ಬ ಮೆಕ್ಯಾನಿಕ್ ಎಂದುಕೊಳ್ಳುವ ಗಂಡಸರ ಗುಂಪಿಗೆ ನಾನು ಸೇರಿದವನು. ಆದರೆ ಮೋಟಾರ್‌ಸೈಕಲ್ಲಿಗೆ ಮನೆಯಲ್ಲೇ ಬಣ್ಣ ಹೊಡೆಯಲು ಹೊರಟದ್ದಕ್ಕೆ ಕಾರಣ ನನ್ನ ಹೆಂಡತಿ ಶೈಲಾ. ಖಾರಘರದ ಒಂದು ಮದುವೆಗೆ ಹೋದಾಗ ಸೀಟಿನ ಕೆಳಗಿನ ಪ್ಯಾನೆಲ್‌ನಿಂದ ಎದ್ದ ಬಣ್ಣದ ಚಕ್ಕೆಗಳು ಅವಳ ರೇಷ್ಮೆ ಸೀರೆಗೆ ಅಂಟಿಕೊಂಡಿದ್ದವು. "ಇನ್ನು ನಿಮ್ಮ ಗಾಡಿಯಲ್ಲಿ ನಾನು ಕೂತ್ಕೊಳ್ಳುದಿಲ್ಲ ಮಾರಾಯ್ರೆ," ಎಂದುಬಿಟ್ಟಳು. ಅಂದಿನಿಂದ ನಾವಿರುವ ಠಾಕುರ್ಲಿಯಿಂದ ಎಲ್ಲಿಗೆ ಹೊರಟರೂ ಅವಳು ಲೋಕಲ್ ರೈಲಿನಲ್ಲಿ, ನಾನು ಬೈಕಿನಲ್ಲಿ. ನೆಂಟರು ಏನಾದರೂ ಅಂದುಕೊಳ್ಳಲಿ, ಬೆನ್ನ ಹಿಂದೆ ಅವಳ ಮಾತಿಲ್ಲದೆ ನನಗೆ ದಾರಿಯೇ ಸಾಗುತ್ತಿರಲಿಲ್ಲ. ಅವಳನ್ನು ಮತ್ತೆ ಆ ಸೀಟಿನ ಮೇಲೆ ಕೂರಿಸಲೇಬೇಕಿತ್ತು.

"ಪೇಂಟರ್‌ಗೆ ಕೊಡಿ," ಎಂದಳು. ಮೊಬೈಲಿನಲ್ಲಿ ಅಷ್ಟೊಂದು ವಿಡಿಯೋ ನೋಡಿದವನಿಗೆ ಅದು ಅವಮಾನವಲ್ಲವೇ? ವಿಡಿಯೋದಲ್ಲಿ ಬಣ್ಣ ಹೊಡೆಯುವವನ ಬಿಳಿ ಅಂಗಿಗೆ ಒಂದು ಚುಕ್ಕೆಯೂ ಸಿಡಿಯುವುದಿಲ್ಲ; ನನಗೆ ಮೂಗಿನೊಳಗೂ ಕಪ್ಪು. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣವನ್ನೂ ಮುಗಿಸಿದೆ. ಉಳಿದದ್ದು ಕ್ಲಿಯರ್ ಕೋಟ್, ಅಂದರೆ ಹೊಳಪು ಕೊಡುವ ಆ ಕೊನೆಯ ಪಾರದರ್ಶಕ ಪದರ. ಅದು ಒಣಗುವವರೆಗೆ ಧೂಳು ಕೂರಬಾರದಂತೆ. ನಮ್ಮ ಊರಿನಲ್ಲಿ ಧೂಳಿಲ್ಲದ ಜಾಗ ಎಂದರೆ ನಮ್ಮ ಬಾತ್‌ರೂಮು ಮಾತ್ರ. ನೆಲಕ್ಕೆ ನೀರು ಚಿಮುಕಿಸಿ, ಬೈಕಿನಿಂದ ಬಿಚ್ಚಿ ತಂದ ಖಾಲಿ ಪೆಟ್ರೋಲ್ ಟ್ಯಾಂಕನ್ನು ಹಗ್ಗ ಕಟ್ಟಿ ನೇತುಹಾಕಿ ಸ್ಪ್ರೇ ಮಾಡಿದೆ. ಮನೆಯವರೆಲ್ಲ ಸ್ನಾನವಿಲ್ಲದೆ ನನ್ನನ್ನು ನೋಡುತ್ತಾ ಕೂತಿದ್ದರು.

ಮರುದಿನ ಮುಟ್ಟಿ ನೋಡಿದರೆ ಬೆರಳಿಗೆ ಅಂಟಲಿಲ್ಲ. ಗೆದ್ದೆ ಎಂದುಕೊಂಡು ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಅಮ್ಮ ಟ್ಯಾಂಕಿನ ನಡುವೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಕೈ ಮುಗಿಯುತ್ತಿದ್ದರು.

"ಅಮ್ಮಾ, ಅದು ಇನ್ನೂ ಪೂರ್ತಿ ಒಣಗ್ಲಿಲ್ಲ!"

"ಹೊಸ ಬಣ್ಣ ಹಾಕಿದ್ದಲ್ವಾ ಮಗಾ? ಕುಂಕುಮ ಇಡದೆ ಹೇಗೆ ರಸ್ತೆಗೆ ಇಳಿಸುದು?"

ಒರೆಸಲು ಹೋದರೆ ಕುಂಕುಮ ಬರಲಿಲ್ಲ, ನನ್ನ ಹೆಬ್ಬೆರಳಿನ ಗುರುತೂ ಜೊತೆಗೆ ಉಳಿಯಿತು. ಅಳುವುದೊಂದು ಬಾಕಿ. ಕೊನೆಗೆ ಡಬ್ಬಿಯಲ್ಲಿ ಉಳಿದದ್ದನ್ನು ಅದರ ಮೇಲೆಯೇ ಹೊಡೆದೆ. ಈಗ ಅಮ್ಮನ ಕುಂಕುಮ ಗಾಜಿನೊಳಗೆ ಇಟ್ಟಂತೆ ಶಾಶ್ವತವಾಗಿದೆ. "ಮಳೆ ಬಂದ್ರೂ ಹೋಗುದಿಲ್ಲ ನೋಡು," ಎಂದು ಅವರಿಗೆ ಒಂದೇ ಸಂತೋಷ. ನನಗೂ ಮೆಲ್ಲಗೆ ಅದರ ಮೇಲೆ ಮಮಕಾರ ಬಂತು. ಮಮಕಾರ ಎಂದರೆ ಸಾಧಾರಣದ್ದಲ್ಲ, ದಿನಕ್ಕೆರಡು ಸಲ ಕೆಳಗಿಳಿದು ಒರೆಸುವಷ್ಟು.

ಘಣಸೋಲಿಯಲ್ಲಿ ನೆಂಟರ ಗೃಹಪ್ರವೇಶ ಬಂತು. ಶೈಲಾ ರೇಷ್ಮೆ ಸೀರೆ ಉಟ್ಟು ಕೆಳಗೆ ಬಂದವಳೇ ಪ್ಯಾನೆಲ್ಲನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ನೋಡಿಕೊಂಡಳು. ಚಕ್ಕೆಯಿಲ್ಲ. "ಅಡ್ಡಿಲ್ಲ, ಚಂದ ಆಗಿದೆ. ನಡೀರಿ," ಎಂದಳು. ಇಷ್ಟು ದಿನ ಕಾದದ್ದು ಈ ಮಾತಿಗೇ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಸ್ವಲ್ಪ ನಿಧಾನ. ಜರಿ ಉಜ್ಜೀತು. ಬಳೆ ತಾಗಿಸ್ಬೇಡ. ಚಪ್ಪಲಿ ಆ ಕಡೆ..."

"ಮತ್ತೆ ನಾನು ಎಲ್ಲಿ ಕೂತ್ಕೊಳ್ಳುದು, ಗಾಳಿಯಲ್ಲಾ?"

ನಾವೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ಆಗಷ್ಟೇ ತಮ್ಮ ಸ್ಕೂಟರ್ ಹೊರತೆಗೆಯುತ್ತಿದ್ದರು. ಮಡ್‌ಗಾರ್ಡನ್ನು ತಂತಿಯಿಂದ ಕಟ್ಟಿದ, ಬಣ್ಣ ಯಾವುದೆಂದೇ ತಿಳಿಯದ ಸ್ಕೂಟರ್. "ಬಸ ನಾ, ಸ್ಟೇಷನ್‌ಪರ್ಯಂತ ಸೋಡತೆ," ಎಂದು ಸ್ಟೇಷನ್ನಿನವರೆಗೆ ಬಿಡಲು ಶೈಲಾಳನ್ನು ಕರೆದರು. ಶೈಲಾ ಸೆರಗು ಸುತ್ತಿಕೊಂಡು ಕೂತೇಬಿಟ್ಟಳು. ಗೇಟು ದಾಟುವವರೆಗೂ ಅವಳ ಮಾತು, ನಗು ಕೇಳಿಸುತ್ತಿತ್ತು. ಕೂಗಿ ಕರೆಯಬಹುದಿತ್ತು, ಓಡಬಹುದಿತ್ತು. ನಾನು ಮಾತ್ರ ಕುಕ್ಕರುಗಾಲಲ್ಲಿ ಕೂತು, ಪ್ಯಾನೆಲ್ ಮೇಲೆ ಬಿದ್ದಿದ್ದ ಅವಳ ಬೆರಳಿನ ಗುರುತನ್ನು ಒರೆಸುತ್ತಿದ್ದೆ.