ಹಾನಗಲ್ಲಿನ ಹಲ್ಲು, ಶಿಗ್ಗಾಂವಿಯ ಸೂಜಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಕೂ ತಾಲೂಕಿನ್ಯಾಗ ತುಂಬಿದ ಜ್ವಾಳದ ಚೀಲಾನ ಬರೇ ಹಲ್ಲಿಲೆ ಕಚ್ಚಿ ಟೊಂಕದ ಮಟ ಎತ್ತಿದಾವ ನಾ ಒಬ್ಬನ. ಸುಳ್ಳು ಅನ್ನಾವರು ಇದ್ರ ಮುಂದ ಬರ್ರಿ. ನೋಡಿದಾವರು ಭಾಳ ಮಂದಿ ಇದ್ರು, ಆದ್ರ ಒಬ್ಬೊಬ್ಬರ ಆಗಿ ಎಲ್ಲಾರೂ ಶಿವನ ಪಾದ ಸೇರಿದ್ರು. ಹಲ್ಲನ್ನ ಸಾಕ್ಷಿ ಕೇಳೋಣು ಅಂದ್ರ, ಈಗ ನನ್ನ ಬಾಯಾಗ ಇರೂವು ಎಲ್ಲಾ ರಾತ್ರಿ ನೀರಿನ ಗ್ಲಾಸಿನ್ಯಾಗ ಮಲಗೂವು. ಹಳೇ ಸುದ್ದಿ ಅವಕ್ಕೇನು ಗೊತ್ತು.

ನಾ ಸಾಲಿ ಕಟ್ಟಿ ಹತ್ತಿದಾವಲ್ಲ. ಅಕ್ಷರ ಕಲ್ತದ್ದು ಬಸ್ಸಿನ ಬೋರ್ಡು ನೋಡಿ. ಅದಕ್ಕ ಊರ ಹೆಸರು ತಪ್ಪಿಲ್ಲದ ಬರೀತೇನಿ, ಉಳಿದದ್ದು ಬಂದಂಗ ಬರೀತೇನಿ. ಬರದದ್ದನ್ನ ಸಂಜೀ ಮುಂದ ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ನಾಕ ಮಂದಿಗೆ ಓದಿ ಹೇಳ್ತೇನಿ. ಇಂಥಾವೆಲ್ಲಾ ನಿಮಗಷ್ಟ ಹೆಂಗ ಆಗತಾವ ಅಂತ ಕೇಳ್ತಾರ. ಏನ್ ಮಾಡೂದು, ಬೆಲ್ಲ ಇದ್ದಲ್ಲಿ ಇರವಿ ಬಂದಂಗ ನಾ ಇದ್ದಲ್ಲಿ ಇವು ಹುಡಿಕ್ಕೊಂಡು ಬರ್ತಾವ. ಹಲ್ಲಿನ ಸುದ್ದೀನೂ ಹಂಗ ಬಂದದ್ದು.

೧. ಹುಳದ ಸಂಸಾರ

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸದು ಅದು. ಆಗ ಕಾರಹುಣ್ಣಿಮಿ ದಿನ ಹಿರೇಕೆರೂರಾಗ ಎತ್ತು ಓಡಿಸಿದ ಮ್ಯಾಲೆ ಗಂಡಸರು ಶಕ್ತಿ ತೋರಸತಿದ್ರು. ಕಲ್ಲು ಎತ್ತಾವರು ಕಲ್ಲು ಎತ್ತತಿದ್ರು. ಎಲ್ಲಾಕಿಂತ ದೊಡ್ಡದು ಅಂದ್ರ ಹಲ್ಲಿಲೆ ಚೀಲ ಎತ್ತೂದು. ಕೈ ಬೆನ್ನ ಹಿಂದ ಕಟ್ಟಿಕೊಂಡು, ಚೀಲದ ಬಾಯಿಯ ಗಂಟು ದವಡಿ ಹಲ್ಲಿಲೆ ಕಚ್ಚಿ ಏಳಬೇಕು. ಎದ್ದಾವಗ ಬೆಳ್ಳಿ ಕಡಗ. ಅದರ ಹಿಂದಿನ ವರ್ಷ ಆ ಕಡಗಾನ ಹಿರೇಕೆರೂರಿನ ಪೈಲ್ವಾನ ಹೊಡಕೊಂಡಿದ್ದ. ಈ ವರ್ಷ ಕಡಗ ಹಾನಗಲ್ಲಿಗೆ ಬರಲಿಲ್ಲಂದ್ರ ಊರಾಗ ಮಾರಿ ತೋರಸಬ್ಯಾಡ ಅಂತ ನಮ್ಮ ಓಣಿಯ ಹಿರಿಯಾರು ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಹೇಳಿದ್ರು.

ಹುಣ್ಣಿಮಿ ಹತ್ರ ಬಂತು, ಬಲಗಡೆ ದವಡಿ ಹಲ್ಲು ನೋಯಾಕ ಹತ್ತಿತು. ಎಂಥಾ ನೋವು ಅಂತೀರಿ. ನಾ ಒಮ್ಮೆ ನರಳಿದ್ರ ಆಜೂಬಾಜೂ ಕೊಟ್ಟಿಗಿಯೊಳಗ ಮಲಗಿದ್ದ ಎತ್ತು ಎದ್ದು ನಿಂದರತಿದ್ವು, ಬೆಳಗಾತು ಅಂತ ತಿಳದು. ಸರಕಾರಿ ದವಾಖಾನಿ ಕಂಪೌಂಡರ್ ಬಾಯಿ ತೆಗಿಸಿ ನೋಡಿ ಎರಡ ಹಾದಿ ಐತಿ ಅಂದ. ಕೀಳಸಿದ್ರ ನೋವೂ ಹೋಗತೈತಿ, ಚೀಲಾನೂ ಹೋಗತೈತಿ. ಹಲ್ಲು ಉಳೀಬೇಕಂದ್ರ, ಸಂತಿ ದಿನ ಹುಬ್ಬಳ್ಳಿಯಿಂದ ಶಿಗ್ಗಾಂವಿಗೆ ಹಲ್ಲಿನ ಡಾಕ್ಟರ್ ಬರ್ತಾರ. ಅವರು ಹಲ್ಲಿಗೆ ತೂತು ಕೊರದು, ಬೇರಿನ ತನಕ ಸೂಜಿ ಇಳಿಸಿ, ಒಳಗ ಕೊಳತದ್ದನ್ನ ತಗದು, ಮ್ಯಾಲೆ ಬೆಳ್ಳಿ ತುಂಬತಾರ.

ಬೇರಿನ ತನಕ ಅಂದ ಕೂಡಲೆ ನಾ ವಿಚಾರಕ್ಕ ಬಿದ್ದೆ. ನಾ ಒಕ್ಕಲಿಗ್ಯಾನ ಮಗ, ಬೇರಿನ ಸುದ್ದಿ ನನಗ ಗೊತ್ತಿಲ್ಲೇನು. ಕರಿಕಿ ಹುಲ್ಲು ನೋಡ್ರಿ, ಮ್ಯಾಲೆ ಬೆರಳುದ್ದ, ಕೆಳಗ ಆಳುದ್ದ. ಬೇರು ತಗೀತೇನಿ ಅಂತ ಹೊಂಟ್ರ ಹೊಲಾನ ಹರಗಬೇಕಾಗತೈತಿ. ಅಂಥಾದ್ರಾಗ ಚೀಲ ಎತ್ತೂ ಹಲ್ಲಿನ ಬೇರು ಎಲ್ಲಿ ತನಕ ಇರಬೇಕು. ನನ್ನ ಲೆಕ್ಕಕ್ಕ ಹಿಮ್ಮಡದ ತನಕ. ಹಿಮ್ಮಡ ಮುಟ್ಟೂ ಸೂಜಿ ಅಂದ್ರ ಅದು ಸೂಜಿ ಅಲ್ಲ, ಕಬ್ಬಿಣದ ಹಾರಿ. ಬಂಕಾಪುರದ ಕ್ವಾಟಿಯೊಳಗ ಚಿರತಿ ಕಿವಿ ಹಿಂಡಿ ಕಳಿಸಿದಾವ ನಾ. ಅಂಜಿಕಿ ಅಲ್ಲರಿ ಇದು, ವಿಚಾರ.

ಅದಕ್ಕ ಮೊದಲ ಹುಳ ತಗಿಯೂ ಮುದುಕಿ ಕಡೆ ಹೋದೆ. ಆಕಿ ಕೆಂಡದ ಮ್ಯಾಲೆ ಗುಳ್ಳದ ಬೀಜ ಹಾಕಿ, ಬಿದರಿನ ನಳಿಗಿಲೆ ಹೊಗಿ ಬಿಟ್ಟು, ಗಂಗಾಳದ ನೀರಾಗ ಒಂದು ಬೆಳ್ಳನ್ನ ಹುಳ ತೋರಿಸಿದ್ಲು. ಎಡಗಿವಿಯಿಂದ ಬಿತ್ತು ಅಂದ್ಲು. ನೋವು ಬಲಗಡೆ ಐತಲ್ಲಬೇ ಅಂದೆ. ಮುಂಬಾಗಲದಾಗ ನೀ ಕುಂತಿದ್ದೆಲ್ಲ, ಅದಕ್ಕ ಹಿತ್ತಲ ಬಾಗಲದಿಂದ ಹೋತು ಅಂದ್ಲು. ಖರೆ ಅನಿಸ್ತು. ಮರುದಿನ ನೋವು ಡಬಲ್. ಹೋಗಿ ಜಗಳಾ ತಗದೆ. ಮುದುಕಿ ಕವಡಿ ಎಣಿಸಿದಂಗ ಸಾವಕಾಶ ಅಂದ್ಲು:

"ಯಜಮಾನ ಹೋಗ್ಯಾನ ತಮ್ಮಾ. ಹೆಂಡ್ತಿ ಮಕ್ಕಳು ಇನ್ನೂ ಸಾಮಾನು ಕಟ್ಟಾಕತ್ತಾರ."

೨. ಸವಣೂರಿನ ಮರ್ಯಾದಿ

ಸವಣೂರಾಗ ಒಬ್ಬ ಹಕೀಮರು ಪುಡಿ ಕೊಡ್ತಾರ, ಸೂಜಿ ಗೀಜಿ ಇಲ್ಲ ಅಂತ ಯಾರೋ ಅಂದ್ರು. ನಾ ಅವತ್ತ ಬಸ್ಸು ಹತ್ತಿದೆ. ಅಷ್ಟೊತ್ತಿಗೆ ಬಲಗಲ್ಲ ತೆಂಗಿನಕಾಯಿ ಆಗಿತ್ತು. ಬಸ್ಸಿನ್ಯಾಗ ನನ್ನ ಗಲ್ಲಕ್ಕ ಬ್ಯಾರೆ ಸೀಟು ಬಿಟ್ಟುಕೊಟ್ಟಿದ್ರು.

ಸವಣೂರಾಗ ಇಳದೆ. ಬ್ಯಾರೆ ಊರಾಗ ಆಗಿದ್ರ ಅಯ್ಯೋ ಪಾಪ ಅಂತಿದ್ರು. ಸವಣೂರು ಅಂದ್ರ ವೀಳ್ಯದೆಲಿ ತೋಟದ ಊರು, ಅಲ್ಲಿ ಗಲ್ಲ ಉಬ್ಬಿಲ್ಲದ ಮನಶ್ಯಾನ ಇಲ್ಲ. ನನ್ನ ಗಲ್ಲ ನೋಡಿ ಮಂದಿ ಹಾದಿ ಬಿಟ್ಟು ನಿಂತ್ರು. ಎಲಿ ಅಂಗಡಿಯ ಸಾಹೇಬ್ರು ಎದ್ದು ಸಲಾಂ ಹೊಡದು, "ಯಾರ ತೋಟದ ಎಲಿರಿ ಪೈಲ್ವಾನ್ರ, ಇಷ್ಟು ದೊಡ್ಡ ಪಾನಪಟ್ಟಿ ನಾ ನವಾಬರ ಕಾಲದಾಗೂ ನೋಡಿಲ್ಲ" ಅಂದ್ರು.

ನನಗ ಬಾಯಿ ತಗಿಯಾಕ ಬರತಿರಲಿಲ್ಲ. ಊಂ ಅಂದೆ. ಅದನ್ನ ಕೇಳಿ ಅವರು ಆಜೂಬಾಜೂದಾವರಿಗೆ ಹೇಳಿದ್ರು, ಎಲಿ ಹಾಕ್ಕೊಂಡು ಮಾತಾಡಾವ ಹವ್ಯಾಸಿ ಅಲ್ಲ, ಇವರು ಖರೇ ಹವ್ಯಾಸಿ. ಹಕೀಮರು ನಮಾಜಿಗೆ ಹೋಗಿದ್ರು, ಬರೂತನಕ ನಾ ಕಟ್ಟಿ ಮ್ಯಾಲೆ ಕುಂತೆ. ಸುತ್ತ ಮಂದಿ ಕೂಡಿತು. ಈ ಮನಶ್ಯಾ ಯಾವಾಗ ಉಗಳ್ತಾನ ಅಂತ ಪಂದ್ಯ ಕಟ್ಟಿದ್ರು. ಒಬ್ಬಾವ ಮನಿಗೆ ಓಡಿ ಹೋಗಿ ಹಿತ್ತಾಳಿ ಪೀಕದಾನಿ ತಂದು ನನ್ನ ಕಾಲ ಮುಂದ ಇಟ್ಟ. ನಾ ಉಗಳಲಿಲ್ಲ. ಏನು ಉಗಳಲಿ. ಹೊತ್ತು ಹೋದಂಗ ಮಂದಿ ಕೈ ಮುಗಿಯಾಕ ಹತ್ತಿದ್ರು.

ಕಡೀಕ ಸಾಹೇಬ್ರಿಗೆ ತಡಕೊಳ್ಳಾಕ ಆಗಲಿಲ್ಲ. ಒಂದ ಬಾಜೂ ಭಾರ ಆದ್ರ ಚಕ್ಕಡಿ ಪಲ್ಟಿ ಆಗತೈತಿ ಅಂತ ಹೇಳಿ, ತಮ್ಮ ತೋಟದ ಎಲಿ ಮಡಚಿ, ಅಡಿಕಿ ಕಾಚು ತುಂಬಿ, ಪ್ರೀತಿಲೆ ನನ್ನ ಎಡಗಲ್ಲಕ್ಕ ತುರುಕಿದ್ರು. ಹಂಗ ಹಕೀಮರ ಮುಂದ ಹೋಗಿ ಕುಂತೆ. ಅವರು ಈ ಗಲ್ಲ ನೋಡಿದ್ರು, ಆ ಗಲ್ಲ ನೋಡಿದ್ರು, ಚಸ್ಮಾ ತಗದು ಒರಿಸಿಕೊಂಡು ಕೇಳಿದ್ರು:

"ಇದರಾಗ ಜಡ್ಡು ಯಾವುದಪಾ, ಎಲಿ ಯಾವುದು?"

೩. ಬಸ್ಸಿಗೆ ಕಟ್ಟಿದ ಹಲ್ಲು

ಹಕೀಮರ ಪುಡಿಲೆ ಬಾವು ಇಳೀತು, ನೋವು ಇಳೀಲಿಲ್ಲ. ಬೇರಿಗೆ ಹೋಗೇತಿ, ಶಿಗ್ಗಾಂವಿಗೆ ಹೋಗು ಅಂತ ಅವರೂ ಅಂದ್ರು. ನನ್ನ ಕುಸ್ತಿ ಗೆಳ್ಯಾ ಒಬ್ಬಾವ ಬ್ಯಾರೆ ದಾರಿ ತಗದ. ಹಲ್ಲು ಗಟ್ಟಿ ಇದ್ರ ಸೂಜಿ ಯಾಕ, ಗಟ್ಟಿ ಐತೋ ಇಲ್ಲೋ ಪರೀಕ್ಷಾ ಮಾಡೋಣು ಅಂದ. ಹಾನಗಲ್ ಸ್ಟ್ಯಾಂಡಿನ್ಯಾಗ ಹಿರೇಕೆರೂರ ಬಸ್ಸು ನಿಂತಿತ್ತು. ಹಿಂದಿನ ಏಣಿಗೆ ಗಟ್ಟಿ ನೂಲಿನ ಹುರಿ ಕಟ್ಟಿ, ಈ ಕಡೆ ತುದಿ ನನ್ನ ಹಲ್ಲಿಗೆ ಸುತ್ತಿದ. ನಾ ಕಾಲು ಊರಿ ಹಿಂದಕ್ಕ ಜಗ್ಗಿ ನಿಂತೆ.

ಡ್ರೈವರ್ ಕುಂತ, ಮುಂದ ಹೋಗಬೇಕು ಅಂದ, ಬಸ್ಸು ಮಿಸುಕಲಿಲ್ಲ. ಖರೇ ಹೇಳ್ತೇನಿ, ಒಂದ ಗೇಣು ಮಿಸುಕಲಿಲ್ಲ. ಡ್ರೈವರ್ ಇಳದ, ಬಾನೆಟ್ ತಗದ, ಇಂಜಿನ್ನಿಗೆ ಬೈದ. ಮಂದೀನ್ನ ಇಳಿಸಿ ದೂಡಿಸಿದ. ಬಸ್ಸಿಗೇನು ರೋಗ ಬಂದೈತಿ ಅಂತ ಅವಗ ತಿಳೀವಲ್ದು, ರೋಗ ಹಿಂದ ನಿಂತಿತ್ತು.

ಮೊನ್ನೆ ಇದನ್ನ ಓದಿದಾಗ ಕಟ್ಟಿ ಮ್ಯಾಲೆ ಕುಂತಿದ್ದ ನಮ್ಮ ಓಣಿಯ ರಿಟೈರ್ ಕಂಡಕ್ಟರ್ ನಡಕ ಬಾಯಿ ಹಾಕಿದ. ಕಾಕಾ, ಆಗಿನ ಬಸ್ಸು ಮುಂದ ಹ್ಯಾಂಡಲ್ ತಿರುವಿದ್ರನ ಚಾಲೂ ಆಗತಿದ್ವು ಅಂದ. ಇರಬಹುದು ಅಂದೆ. ಯಾಕಂದ್ರ ಹ್ಯಾಂಡಲ್ ತಿರುವಿದ ಮ್ಯಾಲೆ ಬಸ್ಸು ಹೊಂಟದ್ದೂ ಖರೆ.

ಹೊಂಟಿತು ಅಂದ್ರ ಹೆಂಗ ಹೊಂಟಿತು. ಹುರಿ ಬಿಗೀತು. ಒಂದ ಹೆಜ್ಜಿ ನಿಂತ್ರ ಹಲ್ಲು ಹೋಗತೈತಿ, ಹಲ್ಲು ಹೋದ್ರ ಕಡಗ ಹೋಗತೈತಿ. ನಾ ಓಡಿದೆ. ಬಸ್ಸು ಜೋರ್ ಆತು, ನಾನೂ ಜೋರ್ ಆದೆ. ಧೂಳಿನ್ಯಾಗ ನನಗ ಬಸ್ಸು ಕಾಣವಲ್ದು, ಬಸ್ಸಿನಾವರಿಗೆ ನಾ ಕಾಣವಲ್ದು. ಅಕ್ಕಿಆಲೂರು ಸ್ಟ್ಯಾಂಡಿನ್ಯಾಗ ಬಸ್ಸು ನಿಂತಾಗ ನಾನೂ ನಿಂತೆ. ಆ ಬಸ್ಸಿನ ಕಂಡಕ್ಟರ್ ಹಿಂದ ಬಂದು ಏಣಿ ನೋಡಿದ, ಹುರಿ ನೋಡಿದ, ಹುರಿ ಹಿಡಕೊಂಡು ಬಂದು ನನ್ನ ಬಾಯಿ ನೋಡಿದ. ಬೈತಾನ ಅಂತ ಮಾಡಿದ್ದೆ. ಅಂವ ಕಿವಿ ಮ್ಯಾಲಿನ ಪೆನ್ಸಿಲ್ ತಗದು ಕೇಳಿದ:

"ಇಲ್ಲೇ ಇಳೀತೀರೋ, ಮುಂದ ಹಿರೇಕೆರೂರಿಗೆ ಟಿಕೀಟ್ ಹರೀಲೋ?"

೪. ಹೊಲಿಗಿ ಮಷೀನಿನ ಡಾಕ್ಟರ್

ಇನ್ನ ದಾರಿ ಉಳೀಲಿಲ್ಲ. ನನ್ನ ಹೆಂಡ್ತಿಗೆ ಶಿಗ್ಗಾಂವಿ ಸಂತಿ ನೋಡೂದಿತ್ತು, ಅದಕ್ಕ ಆಕೀನೂ ಜೋಡಿ ಕರಕೊಂಡು ಹೋದೆ. ಆಗ ಇನ್ನೂ ಹೊಸಾ ಮದಲಗಿತ್ತಿ ಆಕಿ.

ಡಾಕ್ಟರ್ ಖೋಲಿಯೊಳಗ ಒಂದ ಕುರ್ಚಿ, ಬಾಜೂಕ ಕಾಲಿಲೆ ತುಳಿಯೂ ಒಂದು ಯಂತ್ರ, ಥೇಟ್ ಹೊಲಿಗಿ ಮಷೀನ್ ಇದ್ದಂಗ. ಡಾಕ್ಟರ್ ಕಡೆ ದರ್ಜಿ ಯಾಕ ಬಂದಾನ ಅಂತ ಕೇಳಿದೆ. ದರ್ಜಿ ಅಲ್ಲ, ಅದರಿಂದನ ಹಲ್ಲು ಕೊರೀತಾರ ಅಂದ್ರು. ನನಕಿಂತ ಮುಂದ ಹೋದ ಗೌಡ ಒಬ್ಬಾವ ಬಾಯಿ ತುಂಬ ಹತ್ತಿ ಇಟಗೊಂಡು ಹೊರಗ ಬಂದ. ಭಾಳ ನೋಯತೈತೇನ್ರಿ ಅಂದೆ. ಅಂವ ಎರಡೂ ಕೈ ಮ್ಯಾಲೆ ಎತ್ತಿದ. ದೇವರಿಗೆ ಕೈ ಮುಗದನೋ ನನಗ ಶರಣು ಹೊಡದನೋ ತಿಳೀಲಿಲ್ಲ.

ನಾ ಒಳಗ ಹೋಗಿ ಮೊದಲ ಬೇರಿನ ಉದ್ದ ಕೇಳಿದೆ. ಡಾಕ್ಟರ್ ಕಿರಿಬೆರಳಿನ ಅರ್ಧ ತೋರಿಸಿದ್ರು. ಎತ್ತು ಮಾರೂ ದಲಾಲಿ ಎತ್ತಿನ ವಯಸ್ಸು ಹೇಳಿದಂಗ ಹೇಳಾಕತ್ತಾರ ಅಂತ ನನಗ ತಿಳೀತು. ಆದ್ರೂ ಕುಂತೆ. ಸಿಂಹ ಕುಂತಂಗ ಕುಂತೆ. ಮದ್ದಿನ ಸೂಜಿ ಬ್ಯಾಡ, ಹಂಗ ಕೊರೀರಿ ಅಂದೆ. ಗರ್ರ್ ಅಂತ ಕೊರದ್ರು. ಒಂದಾದ ಮ್ಯಾಲೆ ಒಂದು ಸೂಜಿ ಇಳಿಸಿದ್ರು, ನಾ ಕಣ್ಣು ಮುಚ್ಚಲಿಲ್ಲ. ಯಂತ್ರ ತುಳಿಯೂ ಹುಡುಗಗ ದಣಿವಾತು. ಬಾಜೂಕ ಸರೀಪಾ ಅಂತ ಹೇಳಿ, ಕುರ್ಚಿ ಮ್ಯಾಲೆ ಕುಂತ ಕಾಲು ಚಾಚಿ ನಾನ ತುಳದೆ. ನನ್ನ ಹಲ್ಲು ನಾನ ಕೊರಿಸಿಕೊಂಡೆ. ಡಾಕ್ಟರ್ ಬೆಳ್ಳಿ ತುಂಬಿ, ಬೆವರು ಒರಿಸಿಕೊಂಡು, "ಮುಂಬೈಯಾಗೂ ಇಂಥಾ ಗಂಡಸನ್ನ ನೋಡಿಲ್ಲ" ಅಂದ್ರು.

ಕಾರಹುಣ್ಣಿಮಿ ಬಂತು. ಹಿರೇಕೆರೂರಾಗ ಹಲಗಿ ಬಡ್ಯಾಕತ್ತಿದ್ರು, ಇರವಿಗೆ ನಿಲ್ಲಾಕ ಜಾಗಾ ಇರಲಿಲ್ಲ. ಕೈ ಬೆನ್ನ ಹಿಂದ ಕಟ್ಟಿದ್ರು. ಅದ ಬೆಳ್ಳಿ ಹಲ್ಲಿಲೆ ಗಂಟು ಕಚ್ಚಿದೆ, ಶಿವಾ ಅಂದೆ, ಎದ್ದೆ. ಚೀಲ ಟೊಂಕದ ಮಟ ಬಂತು. ಇಳಸಾಕ ಮನಸಾಗಲಿಲ್ಲ, ಹಂಗ ಒಂದ ಸುತ್ತು ಹಾಕಿದೆ. ಹಿರೇಕೆರೂರ ಪೈಲ್ವಾನ ಓಡಿ ಬಂದು ನನ್ನ ಕಾಲು ಹಿಡದ. ಬೆಳ್ಳಿ ಕಡಗ ಹಾನಗಲ್ಲಿಗೆ ಬಂತು.

೫. ಬೆಳ್ಳಿ

ಇಲ್ಲಿ ತನಕ ಬರದು ನಿನ್ನೆ ಸಂಜೀಕ ಕಟ್ಟಿ ಮ್ಯಾಲೆ ಓದಿದೆ. ಎಲ್ಲಾರೂ ಭಲೆ ಅಂದ್ರು. ಆ ರಿಟೈರ್ ಕಂಡಕ್ಟರ್ ಒಬ್ಬಾವ ಮುಂದಕ್ಕ ಸರದು ಕುಂತ.

"ಕಾಕಾ, ಆ ಕಡಗ ಒಮ್ಮೆ ತೋರಿಸ್ರೆಲ್ಲ" ಅಂದ.

ನಾ ಏನೋ ಹೇಳೂದ್ರಾಗ ಹೊಸ್ತಿಲ ಒಳಗಿಂದ ನನ್ನ ಹೆಂಡ್ತಿ ಎದ್ದು ಬಂದ್ಲು. ಮೆಂತೇಪಲ್ಲೆ ಸೋಸಾಕತ್ತಿದ್ದಾಕಿ, ಆ ಕೈ ಸೆರಗಿಗೆ ಒರಿಸಿಕೊಂಡು ಬಂದು, ಟಾರ್ಚ್ ಹಚ್ಚಪಾ ಅಂತ ಕಂಡಕ್ಟರಿಗೆ ಹೇಳಿ ಅಗಲಕ ಬಾಯಿ ತಗದ್ಲು. ಕಟ್ಟಿ ಮ್ಯಾಲಿನ ಮಂದಿ ಎಲ್ಲಾ ಎದ್ದು ಬಗ್ಗಿ ನೋಡಿದ್ರು. ಬಲಗಡೆ ದವಡಿಯಾಗ ಬೆಳ್ಳಿ ಫಳಫಳ ಅನ್ನಾಕತ್ತಿತ್ತು.

"ಆ ವರ್ಷ ನಮ್ಮ ಮನಿಗೆ ಬಂದ ಬೆಳ್ಳಿ ಇಷ್ಟ ನೋಡ್ರಿ" ಅಂದ್ಲು.

ಆಮ್ಯಾಲೆ ಆಕಿ ಹೇಳಿದ್ಲು, "ಶಿಗ್ಗಾಂವಿಯಾಗ ಇವರು ಕುರ್ಚಿ ಮ್ಯಾಲೆ ಕುಂತದ್ದೇ ಬರೇ 'ಮೊದಲ ಈಕೀದು ನೋಡ್ರಿ' ಅಂತ ಹೇಳಾಕ. ಏನೂ ಆಗೂದಿಲ್ಲ ಅಂತ ಇವರಿಗೆ ತೋರಸಾಕ ಡಾಕ್ಟರ್ ನನ್ನ ಕುಂದ್ರಿಸಿದ್ರು. ನೋಡಿದ್ರ ನನ್ನ ಹಲ್ಲಿಗೂ ತೂತು ಬಿದ್ದಿತ್ತು. ಬೇರಿಗೆ ಸೂಜಿ ಹಾಕಿಸಿಕೊಂಡಾಕಿ ನಾನು. ಎದ್ದು ನೋಡಿದ್ರ ಇವರಿಲ್ಲ, ಚಪ್ಪಲಿ ಅಷ್ಟ ಇದ್ವು. ಸ್ಟ್ಯಾಂಡಿಗೆ ಹೋದ್ರ ಬಸ್ಸಿನ್ಯಾಗ ಕುಂತು, 'ನೋವು ಕಮ್ಮಿ ಆತು, ನಡಿ' ಅಂದ್ರು."

ಮಂದಿ ನಗಾಕ ಹತ್ತಿದ್ರು. ಕಂಡಕ್ಟರ್ ಟಾರ್ಚ್ ಆರಿಸಲಿಲ್ಲ, ಈಗ ನನ್ನ ಮಾರಿ ಮ್ಯಾಲೆ ಬಿಟ್ಟ.

"ಹಂಗಾರ ಚೀಲ ಎದ್ದದ್ದು ಸುಳ್ಳೇನ್ರಿ ಕಾಕೂ?"

"ಎದ್ದದ್ದು ಖರೆ ಐತಪಾ" ಅಂದ್ಲು ಆಕಿ. "ಎದ್ದಾವರು ಇವರೊಬ್ಬರ. ಚೀಲ ನೆಲದ ಮ್ಯಾಲೆ ಇತ್ತು, ಹಲ್ಲು ಚೀಲದ ಗಂಟಿನ್ಯಾಗ ಇತ್ತು. ಪೈಲ್ವಾನ ಕಾಲು ಹಿಡದದ್ದೂ ಖರೆ. ಇನ್ನೊಬ್ಬಾವ ತಲಿ ಹಿಡದಿದ್ದ, ಇಬ್ಬರೂ ಕೂಡಿ ಇವರನ್ನ ಚಕ್ಕಡಿಗೆ ಹಾಕಿದ್ರು."

ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನಾ ಟವೆಲ್ ಝಾಡಿಸಿ ಈ ಹೆಗಲಿಂದ ತಗದು ಆ ಹೆಗಲಿಗೆ ಹಾಕ್ಕೊಂಡೆ.

"ಆಕೀ ಬಾಯಾಗ ಇದ್ರೇನಾತು, ಆ ಹಲ್ಲಿನ ಮ್ಯಾಲೆ ನನಗೂ ಹಕ್ಕ ಐತಿ" ಅಂದೆ. "ಅವತ್ತಿನಿಂದ ಇವತ್ತಿನ ತನಕ ಅದು ತಿನ್ನಾಕತ್ತದ್ದು ನನ್ನನ್ನ."