ಉಚಿತ ಅಂಗಿಗೆ ಉಚಿತವಾದ ಟೀಕೆ

ನಮ್ಮ ನಡುಮನೆಗೆ ನೆಲ ಎಂಬುದೊಂದಿದೆ ಎಂದು ನಾನು ನಂಬಿದ್ದೆನೇ ಹೊರತು ಕಂಡದ್ದು ಅಪರೂಪ. ನನ್ನಾಕೆ ದರ್ಜಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಂಗಿಯ ಒಂದೊಂದು ಭಾಗವನ್ನೂ ಕಾಗದದ ಮೇಲೆ ಬರೆದು ಕತ್ತರಿಸುತ್ತಾಳೆ. ಆ ಕಾಗದಗಳು ಬಾಗಿಲಿನಿಂದ ಅಡುಗೆಮನೆಯವರೆಗೆ ಹಾಸಿಕೊಂಡಿರುತ್ತವೆ. ಒಂದು ಲೋಟ ನೀರು ಬೇಕೆಂದರೆ ಯಾರದೋ ಬೆನ್ನು ದಾಟಿ, ಇನ್ನಾರದೋ ಕಾಲರ್ ತಪ್ಪಿಸಿ, ಸರ್ಕಸ್ಸಿನವನಂತೆ ಸಾಗಬೇಕು. (ತುಳಿದರೆ ಏನಾಗುತ್ತದೆ ಎಂದು ಕೇಳಬೇಡಿ. ಒಮ್ಮೆ ತುಳಿದಿದ್ದೇನೆ.)

ಹೀಗಿರುವಾಗ ನನಗೆ ದಿವ್ಯಜ್ಞಾನವಾಯಿತು. ಮೈಯಳತೆ ಕೊಟ್ಟರೆ ಅಂಗಿಯ ಭಾಗಗಳನ್ನು ತಾನೇ ಬರೆದು ಪ್ರಿಂಟ್ ತೆಗೆದುಕೊಡುವ ಸಾಫ್ಟ್‌ವೇರ್ ಒಂದು ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿತ್ತು. ಪೂರ್ತಿ ಪುಕ್ಕಟೆ. ಅದೂ ಓಪನ್ ಸೋರ್ಸ್. ಅಂದರೆ ಅದರ ಒಳಗನ್ನೆಲ್ಲ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಒಬ್ಬ ಡ್ರಾಯಿಂಗ್ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಕೂತು ಮಾಡುತ್ತಿದ್ದದ್ದು. ‘ಕೆಲಸ ಇನ್ನೂ ಮುಗಿದಿಲ್ಲ, ತಪ್ಪು ಕಂಡರೆ ದಯವಿಟ್ಟು ತಿಳಿಸಿ’ ಎಂದು ಮೊದಲಲ್ಲೇ ಬರೆದಿದ್ದರು. ಪ್ರೆಸ್ಸಿನಲ್ಲಿ ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು, ಅಲ್ಪವಿರಾಮವನ್ನೂ ಬಿಡದೆ ಓದುವ ಪ್ರಾಣಿ ನಾನು. ಆ ಒಂದು ಸಾಲನ್ನು ಮಾತ್ರ ಓದಲಿಲ್ಲ.

ಮೊದಲ ಪ್ರಯೋಗ ನನ್ನ ಮೇಲೆಯೇ ಆಗಲಿ ಎಂದು ಕನ್ನಡಿಯ ಮುಂದೆ ನಿಂತು ಅಳತೆ ತೆಗೆದುಕೊಂಡೆ. ಎದೆಯ ಅಳತೆ ಪ್ರಾಮಾಣಿಕವಾಗಿಯೇ ಬಂತು. ಹೊಟ್ಟೆಯ ಹತ್ತಿರ ಬಂದಾಗ ಟೇಪಿನ ಜತೆಗೆ ಉಸಿರನ್ನೂ ಕೊಂಚ ಬಿಗಿಹಿಡಿದೆ. ಯಾರು ಹಿಡಿಯುವುದಿಲ್ಲ ಹೇಳಿ.

ಪ್ರಿಂಟಿನಲ್ಲಿ ಇದ್ದ ಹಾಗೆಯೇ ಹೊಲಿಯಬೇಕೆಂದು ನಾನು ಹಟ ಹಿಡಿದದ್ದರಿಂದ ನನ್ನಾಕೆ ಹಳೆಯ ಬೆಡ್‌ಶೀಟಿನಲ್ಲಿ ಹಾಗೆಯೇ ಅಂಗಿ ಹೊಲಿದುಕೊಟ್ಟಳು. ತೊಟ್ಟುಕೊಂಡೆ. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹೋಯಿತು, ಆದರೆ ಮೊಣಕೈ ತಿರುಚಿಕೊಂಡಿತು. ಏಕೆಂದರೆ ಎರಡೂ ಎಡತೋಳುಗಳು. ಎಡವಟ್ಟು ಎಂಬ ಪದದ ಅರ್ಥ ನನಗೆ ಆವತ್ತು ಸಂಪೂರ್ಣವಾಗಿ ಆಯಿತು. ಅಷ್ಟೇ ಅಲ್ಲ, ಗುಂಡಿಗಳಿಗೂ ಕಾಜಗಳಿಗೂ ಮುಖ ನೋಡುವಷ್ಟು ಸ್ನೇಹವೂ ಇರಲಿಲ್ಲ.

ಕೂಡಲೇ ತೋಳೇರಿಸಿ ಕೂತು (ಏರಿಸಲು ಬಲತೋಳು ಇಲ್ಲದಿದ್ದರೂ) ಮೇಷ್ಟ್ರ ಪುಟದಲ್ಲಿ ಒಂದು ವಿಮರ್ಶೆ ಬರೆದೆ. ಅದನ್ನು ವಿಮರ್ಶೆ ಎನ್ನುವುದಕ್ಕಿಂತ ಯುದ್ಧಘೋಷಣೆ ಎನ್ನುವುದು ಮೇಲು. ಬಟ್ಟೆ ತೊಡುವ ಸಮಸ್ತ ಮಾನವಕೋಟಿಗೆ ಇದು ಎಸಗಿದ ದ್ರೋಹ ಎಂದೆ. ಎರಡು ದಿನ ಬಿಟ್ಟು ಉತ್ತರ ಬಂತು. ಗೆದ್ದವನ ಗತ್ತಿನಲ್ಲಿ ತಿಂಡಿಯ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದಿದೆ: “ನೀವು ಹೇಳಿದ್ದು ಸರಿಯಿರಬಹುದು. ನಾನು ದರ್ಜಿಯಲ್ಲ. ಇದನ್ನು ತೆಗೆದುಬಿಡುವುದೇ ಒಳ್ಳೆಯದೇನೋ.”

ನನ್ನಾಕೆ ಕೈಲಿದ್ದ ತಟ್ಟೆ ಕೆಳಗಿಟ್ಟಳು.

“ತೆಗೆದುಬಿಡ್ತಾರಂತಾ? ಶಾಲೆ ಮಕ್ಕಳ ಅಂಗಿಯೆಲ್ಲ ನಾನು ಅದರಲ್ಲೇ ಮಾಡ್ತಿದ್ದೀನಲ್ರೀ.”

“ಎರಡೂ ಎಡತೋಳು ಬರಲ್ವೇನೆ?”

“ಒಂದು ಕಾಗದ ಮಗುಚಿ ಹಾಕ್ತೀನಿ. ಬಲತೋಳಾಗುತ್ತೆ.”

ಆಗ ಸುತ್ತ ನೋಡಿದೆ. ನೆಲ ಕಾಣುತ್ತಿತ್ತು. ಹಸಿರು ಬಣ್ಣದ್ದು. ಈ ಮನೆಗೆ ಬಂದಾಗ ನಾನೇ ಆರಿಸಿ ಹಾಕಿಸಿದ ನೆಲವಂತೆ.

ಪುಕ್ಕಟೆ ಕೊಟ್ಟವರಿಗೆ ಬೈಯುವುದಕ್ಕೂ ಒಂದು ರೀತಿನೀತಿ ಬೇಡವೇ ಎಂದು ಆಕೆ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು, ಕಂಪ್ಯೂಟರ್ ತನ್ನ ಕಡೆಗೆ ತಿರುಗಿಸಿಕೊಂಡು ತಾನೇ ಬರೆದಳು. ‘ತುಂಬ ಚೆನ್ನಾಗಿದೆ. ಎಲ್ಲ ಸರಿಯಾಗಿದೆ. ನಮ್ಮನೆಯವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.’

ಇದನ್ನು ಮಾತ್ರ ನಾನು ಒಪ್ಪಲಿಲ್ಲ. ನನ್ನ ಬೈಗುಳದಿಂದ ಅವರಿಗೆ ಎಷ್ಟು ಪ್ರಯೋಜನವೋ ಈ ಸಕ್ಕರೆ ಪಾಕದಿಂದಲೂ ಅಷ್ಟೇ. ತೋಳಿನ ವಿಷಯ ಹೇಳದೆ ಹೋದರೆ ಅವರು ಏನನ್ನು ಸರಿಮಾಡಬೇಕು ಎಂದು ಕೇಳಿದೆ. ಆಕೆ ಬರೆದದ್ದನ್ನು ಅಳಿಸುತ್ತ, ಅದೂ ನಿಜವೇ ಎಂದಳು. ನಮ್ಮ ಸಂಸಾರದಲ್ಲಿ ಇದು ಅಪರೂಪದ ಘಟನೆ.

ಹಾಗೆ ಇಬ್ಬರೂ ಒಟ್ಟಿಗೆ ಕೂತೆವು. ಉಚಿತವಾಗಿ ಸಿಕ್ಕಿದ್ದಕ್ಕೆ ಟೀಕೆಯೂ ಉಚಿತವಾಗಿಯೇ ಇರಬೇಕು ಎಂದು ನಾನು ಶ್ಲೇಷೆ ಹೊಡೆದೆ. (ಆಕೆ ನಗಲಿಲ್ಲ.) ಮಕ್ಕಳ ಅಂಗಿ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಅವಳ ಮಾತಿನಲ್ಲಿ, ತೋಳು ಎಲ್ಲಿ ತಪ್ಪುತ್ತದೆ ಎಂಬುದು ನನ್ನ ಮಾತಿನಲ್ಲಿ ಇಳಿಯಿತು. ನಾನು ‘ಘೋರ’ ಎಂದಲ್ಲೆಲ್ಲ ಅವಳು ಹೊಡೆದುಹಾಕಿದಳು, ಅವಳು ‘ಪರವಾಗಿಲ್ಲ’ ಎಂದಲ್ಲೆಲ್ಲ ನಾನು ಹೊಡೆದುಹಾಕಿದೆ. ಉಳಿದದ್ದು ಓದಲು ಬಹಳ ಮರ್ಯಾದಸ್ಥವಾಗಿತ್ತು. ಇನ್ನು ಗುಂಡಿಯ ಸಮಸ್ಯೆ. ಕೊಟ್ಟ ಅಳತೆ ಯಾವುದೆಂದು ಬರೆಯದೆ ದೂರು ಹೇಳುವುದು ಹೇಗೆ? ಆಕೆ ನನ್ನ ಅಳತೆಗಳನ್ನು ತೆರೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಅಳತೆ ನೋಡಿದಳು.

“ಇದು ಯಾರ ಹೊಟ್ಟೆ?”

ನಾನು ಉತ್ತರಿಸುವಷ್ಟರಲ್ಲಿ ಟೇಪು ಬಂತು. ಸಂಖ್ಯೆ ಓದಲು, ನಮ್ಮ ಜತೆಗೇ ಇರುವ ಅತ್ತೆಯವರೂ ಕನ್ನಡಕ ಹಾಕಿಕೊಂಡು ಬಂದರು. ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಅತ್ತೆಗೆ ಯಾವ ಅವಸರವೂ ಇರಲಿಲ್ಲ. ಟೇಪು ಹಿಡಿದು ಕಾದರು.

“ಅಳಿಯಂದ್ರೇ, ಉಸಿರು ಬಿಡಿ. ಮುಖ ನೀಲಿ ಆಗ್ತಿದೆ.”

ಬಿಟ್ಟೆ. ಟೇಪು ಅವರ ಕೈಯಿಂದ ಜಾರಿತು.

ನಿಜವಾದ ಅಳತೆಯನ್ನು ಹಾಕಿದಾಗ ಸಾಫ್ಟ್‌ವೇರ್ ಸ್ವಲ್ಪ ಹೊತ್ತು ಯೋಚಿಸಿ, ಅಂಗಿಯ ಮುಂಭಾಗವನ್ನು ಕಾಗದದಾಚೆಗೆಲ್ಲೋ ಬರೆಯಲು ಹೋಗಿ, ಅಲ್ಲಿಯೇ ಪ್ರಾಣ ಬಿಟ್ಟಿತು. ಎಷ್ಟು ಸಲ ಮಾಡಿದರೂ ಅದೇ ಗತಿ. ಗುಂಡಿಯ ತಪ್ಪು ನನ್ನದೇ, ಕ್ಷಮಿಸಿ ಎಂದೂ, ಸತ್ಯ ಹೇಳಿದರೆ ಹೀಗಾಗುತ್ತದೆ ಎಂದೂ ಸೇರಿಸಿ ಕಳಿಸಿದೆವು.

ಮೇಷ್ಟ್ರು ಆವತ್ತೇ ಉತ್ತರಿಸಿದರು. ಇಂಥ ಟೀಕೆ ತಮಗೆ ಬಂದಿರುವುದು ಇದೇ ಮೊದಲು, ಇನ್ನು ತೆಗೆದುಹಾಕುವ ಮಾತೇ ಇಲ್ಲ ಎಂದಿದ್ದರು. ಜನ ಕಳಿಸುವ ಅಳತೆಗಳಲ್ಲಿ ಹೊಟ್ಟೆ ಎಂಬುದೇ ಇರುವುದಿಲ್ಲ, ನಿಮ್ಮದನ್ನು ಪರೀಕ್ಷೆಯ ಅಳತೆಯಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದರು. ನಾನು ಯೋಚಿಸಿ ಹೇಳೋಣ ಎನ್ನುವಷ್ಟರಲ್ಲಿ ನನ್ನಾಕೆ ‘ಧಾರಾಳವಾಗಿ’ ಎಂದು ಬರೆದು ಕಳಿಸಿಯಾಗಿತ್ತು.

ಮುಂದಿನ ತಿಂಗಳು ಹೊಸ ಆವೃತ್ತಿ ಬಂತು. ತೋಳುಗಳು ಎಡಬಲ ಕಲಿತಿದ್ದವು. ಈಗ ಯಾವ ಬದಲಾವಣೆ ಮಾಡಿದರೂ ಅದು ಮೊದಲು ನನ್ನ ಹೊಟ್ಟೆಯನ್ನು ದಾಟಿಯೇ ಹೊರಬರಬೇಕು. ಅಳತೆ ನನ್ನ ಹೆಸರಿನ ಸಮೇತ ಎಲ್ಲರೂ ನೋಡುವ ಹಾಗೆ ಅದರೊಳಗೇ ಇದೆ. ಓಪನ್ ಸೋರ್ಸ್ ಅಲ್ಲವೇ.

ಮೊನ್ನೆ ನಡುಮನೆಯಲ್ಲಿ ನನ್ನಾಕೆಯ ಹೊಲಿಗೆ ಯಂತ್ರದ ಪಕ್ಕ ಕೂತಿದ್ದೆ. ಬೇರೆ ಬಡಾವಣೆಯ ದರ್ಜಿ ಹೆಂಗಸೊಬ್ಬರು ನೂಲು ಕೇಳಿಕೊಂಡು ಬಂದವರು ನನ್ನನ್ನೇ ಬಹಳ ಆಸಕ್ತಿಯಿಂದ ನೋಡತೊಡಗಿದರು. ಪರಸ್ತ್ರೀಯ ಕಣ್ಣಿಗೆ ಬಿದ್ದೆನಲ್ಲ ಎಂಬ ಸಣ್ಣ ಹೆಮ್ಮೆಯಿಂದ ಎದೆ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡೆ.

ಅವರು ತುಂಬ ಗೌರವದಿಂದ, “ಸುಮ್ನೆ ಕಷ್ಟಪಡಬೇಡಿ ಸರ್,” ಎಂದರು. “ನಿಮ್ಮ ಅಳತೆ ನಮ್ಮೆಲ್ಲರ ಹತ್ರಾನೂ ಇದೆ.”